ಯುಗಾದಿ ಚಂದ್ರನ ಬಗ್ಗೆ ಒಂದು ತಿದ್ದುಪಡಿ

ಕಣ್ಣಿನ ವೈದ್ಯರು ವಿಷಯವನ್ನು ಚೆನ್ನಾಗಿ ಹೇಳಿದರು. ಅಕ್ಷಿಪಟಲದ ನಡುಭಾಗ ಸವೆದಿದೆ, ಕನ್ನಡಕದಿಂದ ಸರಿಹೋಗುವುದಿಲ್ಲ, ಆಪರೇಷನ್ನೂ ಇಲ್ಲ, ಆದರೆ ಪೂರ್ತಿ ಕತ್ತಲಾಗುವುದಿಲ್ಲ, ಅಂಚು ಉಳಿಯುತ್ತದೆ ಎಂದರು. ಬಹುಕಾಲ ಸುದ್ದಿಮನೆಯಲ್ಲಿ ಬೇರೆಯವರ ವಾಕ್ಯಗಳನ್ನು ಕತ್ತರಿಸಿದವನು ನಾನು. ಇದರಲ್ಲಿ ಕತ್ತರಿಸಲು ಏನೂ ಇಲ್ಲವಲ್ಲ ಎಂದುಕೊಂಡೆ. ಭಯವಾದದ್ದು ಆಮೇಲೆ, ತುಮಕೂರಿನಿಂದ ತಿಪಟೂರಿಗೆ ವಾಪಸು ಬರುವ ಬಸ್ಸಿನಲ್ಲಿ, ಕಂಡಕ್ಟರಿಗೆ ತಲೆಯಿಲ್ಲದ್ದನ್ನು ಗಮನಿಸಿದಾಗ.

ತಲೆಯಿಲ್ಲದ್ದು ನನ್ನ ಪಾಲಿಗೆ ಮಾತ್ರ. ಯಾವುದನ್ನು ನೇರವಾಗಿ ನೋಡುತ್ತೇನೋ ಅದು ಅಳಿಸಿಹೋಗುತ್ತದೆ, ಸುತ್ತಲಿನದು ಉಳಿಯುತ್ತದೆ. ಕಂಡಕ್ಟರ್ ಮುಖ ನೋಡಿದರೆ ಮುಖ ಮಾಯ; ಚೀಲ, ಅಂಗಿಯ ಗುಂಡಿ, ಚಪ್ಪಲಿ ಎಲ್ಲ ಜಾಗದಲ್ಲೇ ಇವೆ. ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟ ಹೆಣ್ಣುಮಗಳು ಇದಕ್ಕೊಂದು ಉಪಾಯ ಕಲಿಸಿದ್ದರು. ನೋಡಬೇಕಾದ್ದನ್ನು ನೋಡಬೇಡಿ, ಅದರ ಪಕ್ಕಕ್ಕೆ ನೋಡಿ, ಬೇಕಾದ್ದು ತಾನಾಗಿ ಅಂಚಿಗೆ ಬರುತ್ತದೆ ಎಂದು. ಯಾವ ಪಕ್ಕ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ನನ್ನದು ಎಡಕ್ಕೆ, ಸ್ವಲ್ಪ ಮೇಲಕ್ಕೆ. ಎದುರಿನವರ ಬಲಭುಜದ ಮೇಲಿನ ಖಾಲಿ ಜಾಗವನ್ನು ನೋಡಿದರೆ ಅವರ ಮುಖ ಮಸುಕಾಗಿಯಾದರೂ ಸಿಗುತ್ತದೆ. ಇದರಲ್ಲಿರುವ ತೊಂದರೆ ಎಂದರೆ, ಎದುರಿಗಿದ್ದವರು ತಮ್ಮ ಹಿಂದೆ ಯಾರೋ ಬಂದು ನಿಂತಿದ್ದಾರೆಂದು ತಿರುಗಿ ನೋಡುತ್ತಾರೆ.

ವಿಷಯ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಅವಳು ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಯುಗಾದಿಗೆ ಮುಂಚೆ ನೊಣವಿನಕೆರೆ ಕಡೆಯಿಂದಲೂ ಬಟ್ಟೆ ಬರುತ್ತದೆ, ಮಿಷನ್ನಿನ ಸದ್ದು ನಿಲ್ಲುವುದಿಲ್ಲ. ಇನ್ನು ಸ್ವಲ್ಪ ದಿನ ಯಾರಿಗೂ ಹೇಳಬೇಡ, ಹಬ್ಬ ಕಳೆಯಲಿ ಎಂದು ನಾನೇ ಅವಳಿಗೆ ಹೇಳಿದ್ದೆ. ಹಬ್ಬ ಕಳೆದ ಮೇಲೆ ಹೇಳಬಹುದಾದರೆ ಈಗೇನು ಎಂದು ಅವಳು ಕೇಳಲಿಲ್ಲ. ಅವಳಿಗೆ ಕಾರಣ ಗೊತ್ತಿತ್ತು. ಕಾರಣ ಚಂದ್ರ.

ನಮ್ಮ ಬೀದಿ ಕೊಬ್ಬರಿ ಮಂಡಿಗಳ ಹಿಂದೆ ಇದೆ. ಒಂದು ತುದಿಗೆ ಪೇಟೆ, ಇನ್ನೊಂದು ತುದಿಗೆ ತೋಟ. ಯುಗಾದಿಯ ಸಂಜೆ, ಅಂದು ಕಾಣದಿದ್ದರೆ ಮಾರನೆಯ ವರ್ಷತೊಡಕಿನ ಸಂಜೆ, ಬೀದಿಯವರೆಲ್ಲ ಕೊಬ್ಬರಿ ಸಾವುಕಾರರ ತಾರಸಿ ಹತ್ತುತ್ತೇವೆ. ಪಡುವಣ ಕಡೆ ತೆಂಗಿನ ಸಾಲಿನ ಮೇಲೆ ಒಂದಿಷ್ಟು ಆಕಾಶ ಸಿಗುವುದು ಅಲ್ಲಿ ಮಾತ್ರ. ಎಳೆಯ ಚಂದ್ರನನ್ನು ನೋಡಿ ಕೈಮುಗಿದು, ಕಿರಿಯರು ಹಿರಿಯರ ಕಾಲಿಗೆ ಬಿದ್ದರೆ ಹೊಸ ವರ್ಷ ಬಂದಂತೆ. ನೋಡದೆ ಬಿದ್ದರೆ ಬಂದಂತಲ್ಲ.

ಒಂದು ವರ್ಷ ಸಾವುಕಾರರು ಎಲ್ಲರಿಗಿಂತ ಮೊದಲು ಕಂಡೆ ಎಂದು ಕೂಗಿದ್ದರು. ಸಾವುಕಾರರಿಗೆ ಯಾವುದರಲ್ಲೂ ಎರಡನೆಯವರಾಗಿ ಇರಲು ಆಗುವುದಿಲ್ಲ. ಅರ್ಧ ಬೀದಿ ಅವರ ಬೆರಳಿನ ನೇರಕ್ಕೆ ನೋಡಿ, ಲಗುಬಗೆಯಿಂದ ಕಾಲಿಗೆ ಬಿದ್ದು ಎದ್ದಿತು. ಅಷ್ಟರಲ್ಲಿ ಚಂದ್ರ ಮಿನುಗುತ್ತ ಹಾಸನದ ಕಡೆ ಹೊರಟ. ವಿಮಾನ. ಬಿದ್ದವರು ಬಿದ್ದದ್ದಾಯಿತು ಎಂದರು, ಬೀಳದವರು ಅದು ಲೆಕ್ಕಕ್ಕಿಲ್ಲ ಎಂದರು, ಎರಡು ಮನೆಗಳ ನಡುವೆ ಮುಂದಿನ ಗೌರಿಹಬ್ಬದವರೆಗೆ ಮಾತಿರಲಿಲ್ಲ. ಆಗ ಮೂಲೆಮನೆಯ ಅಜ್ಜಿ ಒಂದು ತೀರ್ಪು ಕೊಟ್ಟರು. ಇನ್ನು ಮೇಲೆ ಪೇಪರಿನವರು ನೋಡಿ ಹೇಳಲಿ, ಅವರು ಹೇಳುವ ತನಕ ಯಾರೂ ಬಗ್ಗಬೇಡಿ.

ಪೇಪರಿನವರು ಎಂದರೆ ನಾನು. ಅಜ್ಜಿ ಬೀದಿಗೆಲ್ಲ ಹಿರಿಯರು, ದಬ್ಬೇಘಟ್ಟದಿಂದ ಮದುವೆಯಾಗಿ ಬಂದವರು. ಅವರ ಎರಡೂ ಕಣ್ಣಿಗೆ ಪೊರೆ ಬಂದು ಹಳೆಯದಾಗಿದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, ನೋಡಬೇಕಾದವರನ್ನೆಲ್ಲ ನೋಡಿಯಾಗಿದೆ, ಈಗ ಉಳಿದಿರುವುದು ನೀವು ಎನ್ನುತ್ತಾರೆ. ಅವರು ತಾರಸಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತು, ನಾನು ಕಂಡೆ ಎಂದ ಕೂಡಲೇ ಪಡುವಣಕ್ಕೆ ಕೈಮುಗಿಯುತ್ತಿದ್ದರು. ನೀನು ಕಂಡರೆ ನಾನು ಕಂಡಂತೆ ಎಂದು ಪ್ರತಿವರ್ಷ ಹೇಳುತ್ತಿದ್ದರು. ನಾನು ಕೆಲಸ ಮಾಡಿದ ಯಾವ ಪತ್ರಿಕೆಯ ಓದುಗರೂ ನನ್ನನ್ನು ಇಷ್ಟು ನಂಬಿದ್ದಿಲ್ಲ.

ಈಗ ನನ್ನೆದುರಿಗೆ ಇದ್ದ ದಾರಿಗಳು ಎರಡು. ಕಾಣದೆ ಕಂಡೆ ಎನ್ನುವುದು, ಅಥವಾ ಇಡೀ ಬೀದಿಯ ಮುಂದೆ ನನ್ನ ಕಣ್ಣು ಹೋಗಿದೆ ಎನ್ನುವುದು. ಮೊದಲನೆಯದು ಅಜ್ಜಿಗೆ ಮೋಸ. ಎರಡನೆಯದಾದರೆ ಅಲ್ಲಿಂದಾಚೆಗೆ ನಾನು ಏನು ಹೇಳಿದರೂ, ಪಾಪ, ಅವರಿಗೆ ಕಾಣುವುದಿಲ್ಲ ಎಂದಾಗುತ್ತದೆ. ಜನ ನನ್ನ ಕೈಹಿಡಿದು ರಸ್ತೆ ದಾಟಿಸುವುದಕ್ಕೆ ನನಗೆ ಅಭ್ಯಂತರವಿಲ್ಲ. ನನ್ನ ಮಾತನ್ನು ಕೈಹಿಡಿದು ದಾಟಿಸಬಾರದು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಹೆಂಡತಿ ಮೂರನೆಯ ದಾರಿ ಹೇಳಿದಳು. ಜ್ವರ ಬಂದಿದೆ ಎಂದು ಮಲಗಿಬಿಡಿ ಎಂದಳು. ಅದೂ ಸುಳ್ಳೇ ಎಂದೆ. ಹಾಗಾದರೆ ತಣ್ಣೀರು ಸ್ನಾನ ಮಾಡಿ, ನಿಜವಾಗಿ ಬರುತ್ತದೆ ಎಂದಳು.

ಯುಗಾದಿಯ ಬೆಳಗ್ಗೆಯೇ ನನ್ನ ವ್ಯವಸ್ಥೆ ಕುಸಿಯಿತು. ಅಲ್ಲಿಯವರೆಗೆ ನಾನು ಜನರನ್ನು ಅಂಚುಗಳಿಂದ ಗುರುತಿಸುತ್ತಿದ್ದೆ. ನೀಲಿ ಪಟ್ಟಿಯ ಚಪ್ಪಲಿ ಹಾಲಿನವರು, ಕಂದು ಶಾಲು ನಿವೃತ್ತ ಮೇಷ್ಟ್ರು, ಮೊಣಕಾಲಿನವರೆಗೆ ಕಟ್ಟಿದ ಬಿಳಿಪಂಚೆ ಸಾವುಕಾರರು. ವಾರಗಟ್ಟಲೆ ಗಮನಿಸಿ ಕಲಿತದ್ದು. ಹಬ್ಬದ ದಿನ ಎಲ್ಲರೂ ಎಣ್ಣೆನೀರು ಹಾಕಿಕೊಂಡು, ಒಬ್ಬರೂ ಬಿಡದಂತೆ ಹೊಸ ಬಟ್ಟೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ಬೇವುಬೆಲ್ಲ ಹಿಡಿದು ಮನೆಗೆ ಬಂದರು. ಅಪರಿಚಿತರ ಊರಿನಲ್ಲಿ ಬಸ್ಸಿಳಿದಂತಾಯಿತು.

ಹೆಂಗಸರ ವಿಷಯದಲ್ಲಿ ನಾನು ಸುರಕ್ಷಿತನಾಗಿದ್ದೆ. ಬೀದಿಯ ಅಷ್ಟೂ ರವಿಕೆ ಹೊಲಿದವಳು ನನ್ನ ಮನೆಯಲ್ಲೇ ಇದ್ದಳು. ಹಿಂದಿನ ರಾತ್ರಿ ಗುಂಡಿ ಹಾಕುತ್ತ ನನಗೆ ಪಾಠ ಹೇಳಿದ್ದಳು. ಗಿಳಿಹಸಿರು ಎದುರುಮನೆ, ಕುಂಕುಮ ಬಣ್ಣಕ್ಕೆ ಜರಿ ಪಟ್ಟಿ ಮೇಷ್ಟ್ರ ಸೊಸೆ, ಉಬ್ಬುತೋಳು ಸಾವುಕಾರರ ಹೆಂಡತಿ, ಆ ತೋಳು ಬೇಡವೆಂದು ತಾನು ಹೇಳಿದರೂ ಕೇಳಲಿಲ್ಲ. ಬೆಳಗ್ಗೆ ಬಾಗಿಲಿಗೆ ಗಿಳಿಹಸಿರು ಬಂದಾಗ ನಾನು ಎದುರುಮನೆಯ ಯೋಗಕ್ಷೇಮವನ್ನು ಸರಾಗವಾಗಿ ವಿಚಾರಿಸಿದೆ. ಗಂಡಸರು ಮಾತ್ರ ಎಲ್ಲರೂ ಒಂದೇ. ಪಂಚೆಯೆಲ್ಲ ಬಿಳಿ, ಅಂಗಿಯೆಲ್ಲ ಬಿಳಿ. ಹೀಗಾಗಿ ಮೇಷ್ಟ್ರನ್ನು ಸಾವುಕಾರರೆಂದು ತಿಳಿದು, ಅಟ್ಟದ ಮೇಲಿನ ಕೊಬ್ಬರಿ ಈ ಸಲ ಹೇಗೆ ಒಣಗಿದೆ ಎಂದು ಕೇಳಿದೆ. ಮೇಷ್ಟ್ರಿಗೆ ಅಟ್ಟವಿಲ್ಲ, ಕೊಬ್ಬರಿಯಿಲ್ಲ, ಬೆನ್ನುನೋವಿದೆ. ಅವರು ಸ್ವಲ್ಪ ಯೋಚಿಸಿ, ಇನ್ನೂ ಹಿಡಿದುಕೊಂಡಿದೆ ಎಂದರು. ನಾನು ಬೆನ್ನಿನ ಬಗ್ಗೆ ಸೂಚ್ಯವಾಗಿ ಕೇಳಿದೆನೆಂದು ತಿಳಿದಿದ್ದರೆಂದು ಆಮೇಲೆ ಹೆಂಡತಿಯಿಂದ ಗೊತ್ತಾಯಿತು.

ಅಂದು ಸಂಜೆ ಮೋಡವಿತ್ತು. ಯಾರಿಗೂ ಏನೂ ಕಾಣಲಿಲ್ಲ. ಇಲ್ಲ ಎಂದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ನೆಮ್ಮದಿಯಿಂದ ಬೇರೆ ಯಾವ ವರದಿಯನ್ನೂ ಕೊಟ್ಟಿಲ್ಲ.

ಮಾರನೆಯ ದಿನ ಆಕಾಶ ತೊಳೆದಿಟ್ಟಂತೆ ಇತ್ತು ಎಂದು ಎಲ್ಲರೂ ಹೇಳಿದರು. ವರ್ಷತೊಡಕಾದ್ದರಿಂದ ಬೀದಿಯ ಅರ್ಧ ಮನೆಗಳಿಂದ ಮಾಂಸದ ಸಾರಿನ ವಾಸನೆ, ಇನ್ನರ್ಧ ಮನೆಗಳಿಂದ ನೆನ್ನೆಯ ಹೋಳಿಗೆ ಬಿಸಿ ಮಾಡಿದ ವಾಸನೆ. ಎರಡೂ ಸಾವುಕಾರರ ತಾರಸಿಯ ಮೇಲೆ ಸೇರಿದ್ದವು. ಹೆಂಡತಿ ಮುಗಿಯದ ಕೊನೆಯ ರವಿಕೆಗೆ ಕೊಕ್ಕೆ ಹಾಕಿ ಬರುತ್ತೇನೆಂದು ಕೆಳಗೇ ಉಳಿದಳು. ಅಜ್ಜಿ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಅವರ ಪಕ್ಕದಲ್ಲಿ ನಿಂತೆ. ಮೇಲೆ ಬರುವಾಗ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡದ್ದು ಇಷ್ಟೇ. ಕಂಡರೆ ಕಂಡೆ ಎನ್ನುವುದು. ಕಾಣದಿದ್ದರೆ, ಕಾಣಲಿಲ್ಲ, ಏಕೆಂದರೆ ನನ್ನ ಕಣ್ಣು ಹೀಗಾಗಿದೆ ಎನ್ನುವುದು.

"ಏನಪ್ಪಾ, ಬಂದ್ನಾ?" ಎಂದು ಅಜ್ಜಿ ಕೇಳಿದರು.

"ನೋಡ್ತಾ ಇದೀನಿ ಅಜ್ಜಿ."

ನೋಡುವುದೆಂದರೆ ಚಂದ್ರ ಇರಬಹುದಾದ ಜಾಗವನ್ನು ನೋಡದಿರುವುದು. ತೋಟದ ಸಾಲಿನ ಮೇಲೆ ದೃಷ್ಟಿಯನ್ನು ನಿಧಾನವಾಗಿ ಜರುಗಿಸುತ್ತ ಹೋದೆ. ಎಲ್ಲೋ ಎಡಕ್ಕೆ, ಎತ್ತರದಲ್ಲಿ, ಒಂದು ಹಳೆಯ ಮರದ ಗರಿಗಳತ್ತ ಕಣ್ಣಿಟ್ಟಾಗ ಬಲಗಡೆ ಕೆಳಗಿನ ಅಂಚಿನಲ್ಲಿ ಬಿಳಿಯದೊಂದು ಗೀರು ಬಂತು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಎಳೆದಂತೆ.

ಇಲ್ಲಿ ಎಚ್ಚರ ಬೇಕು. ನನ್ನ ಕಣ್ಣು ಈಗ ತನ್ನದೇ ಸುದ್ದಿಗಳನ್ನು ಹುಟ್ಟಿಸುತ್ತದೆ. ಇಲ್ಲದ ಕಿಡಿ, ಇಲ್ಲದ ದಾರ, ಒಮ್ಮೊಮ್ಮೆ ಇಲ್ಲದ ಹೂವು. ಗೀರು ಕಣ್ಣಿನೊಳಗಿನದೋ ಆಕಾಶದ್ದೋ ಎಂಬುದಕ್ಕೆ ಪರೀಕ್ಷೆ ಒಂದೇ. ತಾರಸಿಗೆ ಹತ್ತಿರವಾಗಿ ಒಂದು ತೆಂಗಿನ ಮರವಿತ್ತು. ನಾನು ಪಕ್ಕಕ್ಕೆ ಸರಿದು ಅದರ ಕಾಂಡವನ್ನು ಗೀರಿಗೆ ಅಡ್ಡ ತಂದೆ. ಗೀರು ಹೋಯಿತು. ವಾಪಸು ಸರಿದೆ. ಬಂತು. ಇನ್ನೊಮ್ಮೆ ಅಡ್ಡ, ಇನ್ನೊಮ್ಮೆ ವಾಪಸು. ಮರದ ಹಿಂದೆ ಮರೆಯಾಗುವಂಥದ್ದು ಮರದ ಆಚೆಗಿರಬೇಕು. ವಿಮಾನವಾಗಿದ್ದರೆ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಬೀದಿಗೆ ಇದೊಂದು ಶಾಸ್ತ್ರದಂತೆ ಕಂಡಿರಬೇಕು. ನನ್ನ ಹಿಂದೆ ಕಾಲು ಸರಿದಾಡುವ ಸದ್ದು ಕೇಳಿಸಿತು. ಸಾವುಕಾರರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜರುಗುತ್ತಿದ್ದರು. ಅವರ ಹಿಂದೆ ಇನ್ನೂ ಕೆಲವರು.

"ಕಂಡೆ," ಎಂದೆ.

ನನ್ನ ಮುಖ ಆಗ ಎಡಕ್ಕೆ ಮೇಲಕ್ಕೆ, ಹಳೆಯ ಮರದ ತುದಿಗೆ ತಿರುಗಿತ್ತು. ಬೇರೆ ಕಡೆ ತಿರುಗಿದ್ದರೆ ಕಾಣುತ್ತಲೇ ಇರಲಿಲ್ಲ.

 ಸಾವುಕಾರರು, ಹೌದು, ಗರಿ ಸಂದಿಯಲ್ಲಿ ಕಾಣುತ್ತಿದ್ದಾನೆ ಎಂದರು. ಎಲ್ಲಿ ಎಲ್ಲಿ ಎಂದವರಿಗೆ, ಪೇಪರಿನವರು ನೋಡುತ್ತಿರುವ ಕಡೆ ನೋಡಿ, ಅವರ ಗಲ್ಲದ ನೇರಕ್ಕೆ ಎಂದು ವಿವರಿಸಿದರು. ಎದುರುಮನೆಯವರಿಗೆ ಕಂಡಿತು. ಹಾಲಿನವರಿಗೆ ಕಂಡಿತು. ಮೇಷ್ಟ್ರಿಗೆ ಬೆನ್ನು ಎತ್ತಲಾಗದ್ದರಿಂದ ಕಾಣಲಿಲ್ಲ, ಆದರೆ ಅವರೂ ಕಂಡಿತು ಎಂದರು. ಅಜ್ಜಿ ಕುಳಿತಲ್ಲೇ ಕೈಜೋಡಿಸಿದರು. ನಾನು ಸತ್ಯವನ್ನೇ ಹೇಳಿ ಪಾರಾಗಿದ್ದೆ. ಆ ಖುಷಿಯಲ್ಲಿ ಬೇರೆ ಏನನ್ನೂ ಗಮನಿಸಲಿಲ್ಲ.

ಕಾಲಿಗೆ ಬೀಳುವುದು ಶುರುವಾಯಿತು. ಬಗ್ಗಿದ ತಲೆ ಯಾರದೆಂದು ತಿಳಿಯದಿದ್ದಾಗ ಆಶೀರ್ವಾದದಲ್ಲಿ ವಿವರಕ್ಕೆ ಹೋಗುವುದು ಅಪಾಯ. ಯಾವ ಫೋಟೋಗಾದರೂ ಹೊಂದುವ ಅಡಿಬರಹದಂತೆ ಎಲ್ಲರಿಗೂ ಚೆನ್ನಾಗಿರು, ಚೆನ್ನಾಗಿರು ಎಂದೆ. ಆಗ ಸಾವುಕಾರರ ಮಾತು ಕಿವಿಗೆ ಬಿತ್ತು. ಈ ಸಲ ಸ್ವಲ್ಪ ದಪ್ಪ ಇದ್ದಾನೆ ಎನ್ನುತ್ತಿದ್ದರು. ಬಣ್ಣವೂ ನಸುಹಳದಿ, ಮಳೆಗೆ ಒಳ್ಳೆಯದು ಎಂದರು.

ನಾನು ಕಂಡದ್ದು ದಪ್ಪವಿರಲಿಲ್ಲ. ಹಳದಿಯೂ ಅಲ್ಲ.

ಹೆಂಡತಿ ಮೆಟ್ಟಿಲು ಹತ್ತಿ ಬಂದದ್ದು ಆಗಲೇ. ಬಂದವಳು ಪಡುವಣ ನೋಡಿದಳು, ಜನರನ್ನು ನೋಡಿದಳು, ನನ್ನ ಕಿವಿಯ ಬಳಿ ಬಂದಳು.

"ಚಂದ್ರ ಅಲ್ಲಿ, ಬಲಗಡೆ ಕೆಳಗವ್ನೆ. ಇವ್ರೆಲ್ಲ ಹೊಂಬಾಳೆ ನೋಡ್ತಾ ಅವ್ರೆ ಕಣ್ರೀ."

ಹಳೆಯ ಮರದ ಸುಳಿಯ ಪಕ್ಕದಲ್ಲಿ ಅಂದೋ ಹಿಂದಿನ ದಿನವೋ ಒಂದು ಹೊಂಬಾಳೆ ಒಡೆದು ಹೂಗೊಂಚಲು ಹೊರಬಂದಿತ್ತಂತೆ. ಬೆಣ್ಣೆಬಣ್ಣ, ಬಾಗಿದ ಆಕಾರ, ಮೇಲೆ ಸಂಜೆಯ ಕೊನೆಯ ಬೆಳಕು. ಹುಟ್ಟಿದಾಗಿನಿಂದ ತೆಂಗಿನ ಕೆಳಗೆ ಬದುಕಿದ, ಹೊಂಬಾಳೆ ಒಡೆದದ್ದನ್ನು ನೋಡಿಯೇ ವರ್ಷದ ಫಸಲು ಹೇಳುವ ಜನ, ನನ್ನ ಗಲ್ಲವನ್ನು ನಂಬಿ ಅದಕ್ಕೆ ಕೈಮುಗಿದಿದ್ದರು.

ಸುಮ್ಮನಿದ್ದರೆ ನಡೆಯುತ್ತಿತ್ತು. ಯಾರಿಗೂ ನಷ್ಟವಿಲ್ಲ. ನಾನು ಹೇಳಿದ ಮಾತು ನಿಜ. ಓದುಗರು ತಪ್ಪು ಪುಟ ನೋಡಿದರೆ ವರದಿಗಾರ ಏನು ಮಾಡಲಾದೀತು? ಆದರೆ ಅಜ್ಜಿ ಕೈಜೋಡಿಸಿದ್ದು ಆ ಮರದ ಕಡೆಗೆ. ಯಾರೋ ಅವರ ಕುರ್ಚಿಯನ್ನೇ ಅತ್ತ ತಿರುಗಿಸಿಕೊಟ್ಟಿದ್ದರು. ಚಂದ್ರ ಗರಿಗಳೊಳಗೆ ಇಳಿಯಲು ಹೆಚ್ಚು ಹೊತ್ತಿಲ್ಲ ಎಂದು ಹೆಂಡತಿ ಹೇಳಿದಳು. ಪತ್ರಿಕೆಯಲ್ಲಾದರೆ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ. ತಾರಸಿಗೆ ಒಳಪುಟವಿಲ್ಲ.

ಎಲ್ಲರೂ ಸ್ವಲ್ಪ ನಿಲ್ಲಿ ಎಂದೆ. ನಾನು ಕಂಡದ್ದು ಚಂದ್ರನನ್ನೇ, ಆದರೆ ನೀವು ನೋಡಿದ್ದು ಅದಲ್ಲ ಎಂದೆ. ನನ್ನ ಕಣ್ಣಿನ ನಡುಭಾಗ ಹೋಗಿರುವುದನ್ನೂ, ಯಾವುದನ್ನೇ ನೋಡಬೇಕಾದರೂ ಎಡಕ್ಕೆ ಮೇಲಕ್ಕೆ ನೋಡಬೇಕಾಗಿರುವುದನ್ನೂ, ಚಂದ್ರ ಅಲ್ಲಿಂದ ಬಲಕ್ಕೆ ಕೆಳಗೆ ಇರುವುದನ್ನೂ ಹೇಳಿದೆ. ಗಲ್ಲದ ನೇರಕ್ಕೆ ಇರುವುದು ಹೊಂಬಾಳೆ ಎಂದೂ ಹೇಳಿದೆ. ಒಟ್ಟು ವಿಷಯ ಒಂದು ಪ್ಯಾರಾ ಆಯಿತು.

ಎಲ್ಲರೂ ಒಟ್ಟಿಗೆ ಬಲಕ್ಕೆ ತಿರುಗಿದರು. ಬಳೆಗಳ ಸದ್ದಿನಿಂದ ಗೊತ್ತಾಯಿತು. ಅಯ್ಯೋ, ಎಷ್ಟು ತೆಳ್ಳಗವನೆ ಎಂದು ಯಾರೋ ಅಂದರು. ಆಮೇಲೆ ನಗು. ಮೊದಲು ಎದುರುಮನೆಯವರು, ಆಮೇಲೆ ಹಾಲಿನವರು, ಕೊನೆಗೆ ಬೆನ್ನು ಹಿಡಿದುಕೊಂಡು ಮೇಷ್ಟ್ರು. ಕೊಬ್ಬರಿ ವ್ಯಾಪಾರ ಮಾಡುವವರಿಗೆ ಹೊಂಬಾಳೆ ಗೊತ್ತಾಗಲಿಲ್ಲವಲ್ಲ ಎಂದು ಹಾಲಿನವರು ಸಾವುಕಾರರನ್ನು ಕೆಣಕಿದರು. ಸಾವುಕಾರರು ಸೋಲಲಿಲ್ಲ.

"ಗೊತ್ತಿಲ್ದೆ ಏನ್ಲಾ? ಚಂದ್ರ ನಮ್ಗೆ ಏನ್ ಕೊಟ್ಟವ್ನೆ? ಅನ್ನ ಕೊಡೋದು ಹೊಂಬಾಳೆ. ಮೊದ್ಲು ಅದ್ಕೆ ಕೈಮುಗ್ದೆ, ತಪ್ಪೇನು?"

ಹಾಗಾದರೆ ಅದು ಹಳದಿ, ದಪ್ಪ, ಮಳೆಗೆ ಒಳ್ಳೆಯದು ಎಂದದ್ದು ಯಾರ ವಿಷಯ ಎಂದು ಅವರ ಹೆಂಡತಿ ಕೇಳಿದರು. ಉಬ್ಬುತೋಳಿನ ಅಲುಗಾಟ ನನ್ನ ಅಂಚಿಗೂ ಕಂಡಿತು.

ನಾನು ಅಜ್ಜಿಯ ಮಾತಿಗೆ ಕಾಯುತ್ತಿದ್ದೆ. ಅವರು ನಗಲಿಲ್ಲ. ಕುರ್ಚಿಯನ್ನು ಸರಿಯಾದ ಕಡೆಗೆ ತಿರುಗಿಸಿಕೊಂಡರು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಇನ್ನೊಂದು ಸಲ ನೋಡು ಎಂದರು. ನಾನು ಹೊಂಬಾಳೆಯತ್ತ ಮುಖವೆತ್ತಿ ನೋಡಿದೆ. ಗೀರು ಅಲ್ಲೇ ಇತ್ತು, ಸ್ವಲ್ಪ ಕೆಳಗಿಳಿದು.

"ಅವ್ನೆ ಅಜ್ಜಿ."

"ಯಾವ ಕಡೀಕೆ ವಾಲವ್ನೆ?"

ಯುಗಾದಿ ಚಂದ್ರನ ಎರಡು ತುದಿಗಳಲ್ಲಿ ಯಾವುದು ಮೇಲಿದೆ, ಬಡಗಣದ್ದೋ ತೆಂಕಣದ್ದೋ ಎಂಬುದನ್ನು ನೋಡಿ ನಮ್ಮಲ್ಲಿ ಮಳೆ ಬೆಳೆಯ ಮಾತಾಡುತ್ತಾರೆ. ಹಿಂದಿನ ವರ್ಷಗಳಲ್ಲಿ ಅದನ್ನೂ ನಾನೇ ಹೇಳುತ್ತಿದ್ದೆ. ಈಗ ನನಗಿದ್ದದ್ದು ಒಂದು ಗೀರು. ಅದಕ್ಕೆ ತುದಿಗಳಿರಲಿಲ್ಲ. ಊಹಿಸಿ ಹೇಳಬಹುದಾಗಿತ್ತು, ಇರುವುದು ಎರಡೇ ಉತ್ತರ, ಸರಿಹೊಂದುವ ಸಾಧ್ಯತೆ ಅರ್ಧಕ್ಕರ್ಧ. ಬೀದಿಯವರೆಲ್ಲ ಈಗ ನಗು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

"ಅದು ನಂಗೆ ಕಾಣಲ್ಲ ಅಜ್ಜಿ. ಇರೋದು ಖಾತ್ರಿ. ವಾಲಿರೋದು ಹೇಳಕ್ಕಾಗಲ್ಲ."

ಅಜ್ಜಿ ನನ್ನ ಕೈ ಬಿಡಲಿಲ್ಲ. "ಕಾಣ್ದೇ ಇರೋದ್ನ ಕಾಣಲ್ಲ ಅಂದ್ಯಲ್ಲ. ಹಂಗಾರೆ ಕಂಡಿದ್ದು ಕಂಡೈತೆ ಬುಡು," ಎಂದು ಹೇಳಿ, ಆಮೇಲೆ ಕೈ ಬಿಟ್ಟು, ಎರಡೂ ಕೈ ಜೋಡಿಸಿದರು. ಬಹಳ ಹೊತ್ತು ಜೋಡಿಸಿಕೊಂಡೇ ಇದ್ದರು.

ಮುಗಿಸಿ ಎದ್ದವರು ಬೀದಿಯನ್ನು ವಿಚಾರಣೆಗೆ ತೆಗೆದುಕೊಂಡರು. ಹೊಂಬಾಳೆ ನೋಡಿ ಬಿದ್ದ ನಮಸ್ಕಾರ ಯಾವುದೂ ನಡೆಯುವುದಿಲ್ಲ, ಎಲ್ಲರೂ ಮೊದಲಿನಿಂದ ಬನ್ನಿ ಎಂದರು. ಸಾವುಕಾರರು ವಿನಾಯಿತಿ ಕೇಳಿದರು. ಬೆಳಗ್ಗೆಯಿಂದ ಹೋಳಿಗೆ ತಿಂದು ಹೊಟ್ಟೆ ಭಾರವಾಗಿದೆ, ಒಂದು ಸಲ ಬಗ್ಗಿದ್ದಕ್ಕೇ ಸೊಂಟ ಹಿಡಿದುಕೊಂಡಿದೆ ಎಂದರು.

"ಹೊಂಬಾಳೆಗೆ ಬಗ್ಗಿದ ಸೊಂಟ ಚಂದ್ರಂಗೂ ಬಗ್ತದೆ. ಬಾ," ಎಂದರು ಅಜ್ಜಿ.

ಬಗ್ಗಿತು. ಎದ್ದ ಮೇಲೆ ಸಾವುಕಾರರು ತಮ್ಮ ಗೌರವ ಸರಿಪಡಿಸಿಕೊಳ್ಳಲು ಪಡುವಣಕ್ಕೆ ತಿರುಗಿ ನಿಂತು, ಚಂದ್ರ ಬಡಗಣಕ್ಕೆ ವಾಲಿದ್ದಾನೆ ಎಂದು ಘೋಷಿಸಿದರು. ಹಾಲಿನವರು ತೆಂಕಣಕ್ಕೆ ಎಂದರು. ಮೇಷ್ಟ್ರು ದೋಣಿಯಂತೆ ಮಟ್ಟವಾಗಿದ್ದಾನೆ ಎಂದರು. ಮೂವರೂ ಒಳ್ಳೆಯ ಕಣ್ಣಿರುವವರು. ತೀರ್ಮಾನವಾಗುವ ಮೊದಲೇ ಚಂದ್ರ ಗರಿಗಳೊಳಗೆ ಇಳಿದುಬಿಟ್ಟ. ಮೆಟ್ಟಿಲ ಬಳಿ ಬಂದಾಗಲೂ ಜಗಳ ನಡೆಯುತ್ತಲೇ ಇತ್ತು. ಯಾರೋ ಅಭ್ಯಾಸಬಲದಿಂದ, ಪೇಪರಿನವರನ್ನೇ ಕೇಳಿ ಎಂದರು.

"ಗೊತ್ತಿಲ್ಲ," ಎಂದು ಹೇಳಿ, ಎಲ್ಲರೆದುರಿಗೆ ಹೆಂಡತಿಯ ತೋಳು ಹಿಡಿದುಕೊಂಡು ಕೆಳಗಿಳಿದೆ.